ಡಬರಿ ನಿಲ್ಲದ ಮುಚ್ಚಳ

ಶಿವನಸಮುದ್ರದ ವಿದ್ಯುತ್ ಕೇಂದ್ರದಲ್ಲಿ ಪಾಳಿ ಮುಗಿಸಿ, ಬಸ್ಸಿನಲ್ಲಿ ನಿಂತುಕೊಂಡೇ ಮಳವಳ್ಳಿಗೆ ಬಂದ ಮೇಲೂ ಮತ್ತೆ ಕರೆಂಟಿನ ಸಹವಾಸ ನನಗೆ ಯಾಕೆ ಬೇಕಿತ್ತೋ. ಚಟ, ಇನ್ನೇನು. ಹಿತ್ತಲ ಶೆಡ್ಡಿನಲ್ಲಿ ಮರದ ಮೇಲೆ ಅಕ್ಷರ ಕೊರೆಯುವ ಪುಟ್ಟ ಯಂತ್ರವೊಂದನ್ನು ಕಟ್ಟಿಕೊಂಡಿದ್ದೆ. ಅದರ ಮೋಟಾರುಗಳಿಗೆ ಕರೆಂಟು ಹಂಚುವ ಬೋರ್ಡುಗಳು ಬಯಲಿಗೇ ಬಿದ್ದಿದ್ದವು. ಅವುಗಳಿಗೊಂದು ಪೆಟ್ಟಿಗೆಯನ್ನು ಕಂಪ್ಯೂಟರಿನಲ್ಲಿ ಬರೆದು, ತ್ರೀಡಿ ಪ್ರಿಂಟರಿನಲ್ಲಿ ಪ್ಲಾಸ್ಟಿಕ್ಕಿನಿಂದ ಮಾಡಿಕೊಳ್ಳುವುದರಲ್ಲೇ ಆ ಚಳಿಗಾಲ ಕಳೆಯಿತು.

ಮೊದಲನೆಯದರಲ್ಲಿ ವೈರು ಬಾಗಲು ಜಾಗವಿರಲಿಲ್ಲ. ಎರಡನೆಯದು ಒಳಗಿನ ಕಾವಿಗೆ ಹಪ್ಪಳದ ಹಾಗೆ ಸೊಟ್ಟಗಾಯಿತು. ಮೂರನೆಯದರ ಮುಚ್ಚಳದಲ್ಲಿ ಬಿಸಿಗಾಳಿ ಹೋಗಲು ಸಾಲಾಗಿ ಸೀಳು ಬಿಟ್ಟೆ. ಸರಿಹೋಯಿತು. ಸಾಕಪ್ಪಾ ಸಾಕು ಎಂದು ಅದನ್ನು ಬೆನ್ನ ಹಿಂದಿನ ಹಲಗೆಯ ಮೇಲೆ ಕೂರಿಸಿದೆ. ಕೆಲಸ ಮುಗಿದರೂ ಸ್ವಿಚ್ಚು ಆರಿಸದ ಸೋಮಾರಿತನ ಮಾತ್ರ ಹೋಗಲಿಲ್ಲ.

ಒಂದು ಭಾನುವಾರ ಬೆಳಿಗ್ಗೆ ನೋಡಿದರೆ ಆ ಸೀಳುಗಳ ಮೇಲೆ ಹೆಪ್ಪು ಹಾಕಿದ ಹಾಲಿನ ಡಬರಿ. ಪಕ್ಕದಲ್ಲಿ ಒಂದು ತೊಟ್ಟು ಚೆಲ್ಲಿ ಒಣಗಿತ್ತು. ಅದರಿಂದ ನಾಲ್ಕು ಬೆರಳು ಕೆಳಗೆ ಮೇನ್ ಲೈನಿನ ತಂತಿ. ಹೆದರಿದಾಗ ನನ್ನ ಬಾಯಿಗೆ ಬರುವುದು ಬೈಗುಳವೇ.

“ಸಾಯಕ್ಕೆ ಬೇರೆ ಜಾಗ ಸಿಗ್ನಿಲ್ವೇನೆ ನಿಂಗೆ?” ಎಂದು ಹೆಂಡತಿಯ ಮೇಲೆ ಹರಿಹಾಯ್ದೆ.

“ಚಳೀಗೆ ಮೊಸ್ರು ಎಪ್ಪಾಯ್ತಿರ್ನಿಲ್ಲ. ಅಲ್ಲಿ ಬೆಚ್ಗಿತ್ತು, ಮಡಗ್ದೆ. ವಾರದಿಂದ ಅದ್ನೇ ಎಲ್ಡೆಲ್ಡು ಸಲ ಆಕುಸ್ಕಂಡು ಉಂಡ್ರಲ್ಲ, ಆಗ ಬಾಯಿ ಬರ್ನಿಲ್ವಾ?” ಎಂದಳು.

ಸಂಜೆ ನಾನು ಕೆಲಸ ಮಾಡುವಾಗ ಅವಳು ಶೆಡ್ಡಿಗೆ ಬಂದು ಎರಡು ಮಾತಾಡಿ ಹೋಗುತ್ತಿದ್ದಳು. ನಾನು ತಿರುಗಿಯೂ ನೋಡದೆ ಹೂಂಗುಟ್ಟುತ್ತಿದ್ದೆ. ಅವಳ ಕೈಯಲ್ಲಿ ಡಬರಿ ಇತ್ತೆಂದು ನನಗೆಲ್ಲಿ ಗೊತ್ತು?

ನಾಲ್ಕನೆಯ ಪೆಟ್ಟಿಗೆಗೆ ಸೀಳುಗಳನ್ನು ಪಕ್ಕಕ್ಕೆ ಸರಿಸಿ, ಮುಚ್ಚಳವನ್ನು ಹೆಂಚಿನ ಮನೆಯ ಸೂರಿನ ಹಾಗೆ ಇಳಿಜಾರು ಮಾಡಿದೆ. ಲೋಟ ಕೂಡ ನಿಲ್ಲದು. ಅಷ್ಟು ಅಚ್ಚುಕಟ್ಟಾಗಿ ನಾನು ಬೇರೇನನ್ನೂ ಮಾಡಿಲ್ಲ.

ಅಂದಿನಿಂದ ಅವಳು ಶೆಡ್ಡಿಗೆ ಬರುವುದನ್ನೇ ಬಿಟ್ಟಳು. ಮೂರು ನಾಲ್ಕು ವಾರ ಕಳೆದ ಮೇಲೆ ತಿಳಿಯಿತು, ನನ್ನ ಪಾಳಿಗಳ ನಡುವೆ ನಮ್ಮ ಸಂಸಾರವೆಂದರೆ ಆ ಎರಡು ಮಾತೇ ಆಗಿತ್ತು. ಶೆಡ್ಡಿನಲ್ಲಿ ಕೂತರೆ ಬೇಜಾರಾಗುತ್ತಿತ್ತು. ಮೈಯಲ್ಲಿ ಕಸುವಿರಲಿಲ್ಲ, ಆದರೂ ಐದನೆಯದನ್ನು ಬರೆದು ಪ್ರಿಂಟ್ ಮಾಡಿದೆ. ಬಿಸಿಗಾಳಿ ಬರುವ ಕಡೆ, ತಂತಿಗಳಿಂದ ದೂರದಲ್ಲಿ, ಡಬರಿ ಕೂರುವಷ್ಟು ಅಗಲದ ಗೂಡು. ಅಡುಗೆಮನೆಗೆ ಹೋಗಿ, ಇನ್ನು ಮೇಲೆ ಧೈರ್ಯವಾಗಿ ತಂದಿಡು ಎಂದೆ.

ಅವಳು ಮುದ್ದೆ ಕಟ್ಟುತ್ತಿದ್ದಳು. ಕೋಪವೇನೂ ಇರಲಿಲ್ಲ.

“ಬೆಚ್ಗೆ ಮಡಗೋ ಆಟ್‌ಬಾಕ್ಸು ತಂದಿವ್ನಿ ಬುಡಿ,” ಎಂದಳು. “ಅದ್ರಲ್ಲೇ ಚೆಂದಾಗಿ ಎಪ್ಪಾಯ್ತದೆ.”