ನಾಲ್ಕು ಬೆರಳು ಮುಂದೆ ಸರಿದ ಸೀಟು

ಮೊನ್ನೆ ಅಕ್ಕನ ಸೈಕಲ್ ಒರೆಸುವಾಗ ಅದರ ಉದ್ದನೆಯ ಕೊಳವೆಯ ಮೇಲೆ ಹಳೆಯ ಎರಡು ಗೀರುಗಳು ಕಣ್ಣಿಗೆ ಬಿದ್ದವು. ಮೊದಲು ಸೀಟು ಅಲ್ಲಿತ್ತು. ಈಗ ನಾಲ್ಕು ಬೆರಳು ಮುಂದಿದೆ. ಈ ನಾಲ್ಕು ಬೆರಳಿಗಾಗಿ ಅಕ್ಕ ತಮ್ಮ ಇಬ್ಬರೂ ಮಾತು ಬಿಟ್ಟಿದ್ದೆವು ಎಂದರೆ ನಿಮಗೆ ನಗು ಬಂದೀತು. ನಗಿ, ಅಡ್ಡಿಯಿಲ್ಲ.

ಚಂಪಕ್ಕ ನಮ್ಮ ತೋಟದ ಮನೆಯಿಂದ ರಾಯಬಾಗದ ಶಾಲೆಗೆ ಸೈಕಲ್ ಮೇಲೆಯೇ ಹೋಗಿ ಬಂದು ನೌಕರಿ ಮುಗಿಸಿದವಳು. ನಿವೃತ್ತಿಯಾದ ಮೇಲೆ ಬೆನ್ನಿನ ಮಣಿ ಸರಿಯಿತು. ಬಗ್ಗಿ ಕೂಡುವ ಸೈಕಲ್ ಇನ್ನು ಬೇಡವೆಂದರು ಡಾಕ್ಟರು. ಬಸದಿಗೆ, ಸಂತೆಗೆ ನಾನೇ ಮೋಟಾರ್ ಸೈಕಲ್ ಮೇಲೆ ಕರೆದೊಯ್ಯತೊಡಗಿದೆ. ಎಂಥ ಮಾತುಗಾರ್ತಿ ಅವಳು. ನನ್ನ ಹಿಂದೆ ಕೂತರೆ ತುಟಿ ಬಿಚ್ಚುತ್ತಿರಲಿಲ್ಲ. ಬೆನ್ನುನೋವಿಗಿಂತ ಅದೇ ದೊಡ್ಡ ರೋಗವೆನಿಸಿತು ನನಗೆ.

ಮೊಬೈಲಿನಲ್ಲಿ ಹುಡುಕಿ, ಪುಣೆಯವರೊಬ್ಬರು ಬಳಸಿ ಬಿಟ್ಟ ಈ ಸೈಕಲ್ಲನ್ನು ಟೆಂಪೋದಲ್ಲಿ ತರಿಸಿದೆ. ಒರಗಿ ಕೂತು, ಕಾಲು ಮುಂದೆ ಚಾಚಿ ತುಳಿಯುವಂಥದ್ದು. ಅಕ್ಕನಿಗೆ ಸುಖವಾಗಲೆಂದು ಸೀಟನ್ನು ಆದಷ್ಟು ಹಿಂದೆ ತಳ್ಳಿ, ಬೆನ್ನಾಸರೆಯನ್ನು ಪೂರ್ತಿ ವಾಲಿಸಿ, ಮೇಲೊಂದು ದಿಂಬನ್ನೂ ಕಟ್ಟಿದೆ.

"ಮಲಕೊಂಡ ಸೈಕಲ್ ಹೊಡ್ಯಾಕತ್ತೀರೇನ್ರಿ ಅಕ್ಕಾರ?" ಎಂದು ಪಕ್ಕದ ತೋಟದವರು ಕೇಳಿದರು.

"ಹೌದ್ರಿ. ಗೊರಕಿ ಕೇಳಿದ್ರ ಎಬ್ಬಸ್ರಿ," ಎಂದಳು ಅಕ್ಕ.

ನೇರ ದಾರಿಯಲ್ಲಿ ಚೆನ್ನಾಗಿಯೇ ಹೋದಳು. ತಿರುವಿನಲ್ಲಿ ಕಬ್ಬಿನ ಟ್ರ್ಯಾಕ್ಟರ್ ಎದುರಾಯಿತು. ಅಕ್ಕ ಹ್ಯಾಂಡಲ್ ತಿರುಗಿಸಿದಳು; ಗಾಲಿ ಮಾತ್ರ ಮಣ್ಣಿನಲ್ಲಿ ಜಾರುತ್ತ ನೆಟ್ಟಗೆ ಅದರತ್ತಲೇ ಹೋಯಿತು. ಡ್ರೈವರ್ ಬ್ರೇಕ್ ಒತ್ತಿದ್ದಕ್ಕೆ ಉಳಿದಳು. ಬದುವಿನ ಮೇಲೆ ಬಿದ್ದು ಮೊಣಕೈ ತರಚಿತ್ತು, ಅಷ್ಟೇ. ಹಿಂದೆಯೇ ಬರುತ್ತಿದ್ದ ನಾನು ಅವಳನ್ನು ಎಬ್ಬಿಸಿ ಮನೆಗೆ ಕರೆತಂದೆ. ಸೈಕಲ್ಲನ್ನು ಕೋಣೆಗೆ ಹಾಕಿ ಕೀಲಿ ಜಡಿದೆ. ಅಕ್ಕ ನನ್ನೊಡನೆ ಮಾತು ಬಿಟ್ಟಳು. ನಾನೂ ಹಟಮಾರಿಯೇ.

ಕೆಲವು ದಿನ ಕಳೆದು, ಒಂದು ಬೆಳಿಗ್ಗೆ ಚಹಾ ಕೊಡುತ್ತ ಅವಳೇ ಶುರು ಮಾಡಿದಳು.

"ನಾ ಯಾಕ ಬಿದ್ದೆ ಗೊತ್ತೈತೇನು? ನನ್ನ ಭಾರ ಎಲ್ಲಾ ಹಿಂದ ಇತ್ತು. ಮುಂದಿನ ಗಾಲಿ ಹಗುರಾಗಿ, ಹ್ಯಾಂಡಲ್ ತಿರುವಿದ್ರೂ ಮಾತ ಕೇಳಲಿಲ್ಲ."

"ಬೆನ್ನಿಗೆ ಆರಾಮ ಆಗಲಿ ಅಂತ ಹಂಗ ಇಟ್ಟಿದ್ದೆ."

"ನೀ ನನಗ ಆರಾಮ ಖುರ್ಚಿ ಮಾಡಿಕೊಟ್ಟಿ, ತಮ್ಮಾ. ನನಗ ಬೇಕಾಗಿದ್ದು ಸೈಕಲ್."

ಕೋಣೆ ತೆರೆದು ನಟ್ಟು ಬಿಚ್ಚುವ ಪಾನಾ ತಂದೆ. ಸೀಟು ಒಂದಿಷ್ಟು ಮುಂದೆ ಸರಿಸುವುದು, ಅವಳು ಅಂಗಳದಲ್ಲೊಂದು ಸುತ್ತು ಹಾಕುವುದು, "ಇನ್ನೊಂದೀಟ" ಎನ್ನುವುದು. ಬೆನ್ನಾಸರೆ ಎದ್ದು ನಿಂತಿತು. ಮೊಣಕಾಲು ಹ್ಯಾಂಡಲಿಗೆ ಬಡಿಯತೊಡಗಿದಾಗ ಪೆಡಲನ್ನೂ ಮುಂದೆ ಸರಿಸಿದೆವು. ದಿಂಬನ್ನು ಅವಳೇ ಬಿಚ್ಚಿ ಒಗೆದಳು.

"ಬೆನ್ನು?" ಎಂದೆ.

"ಬೆನ್ನಿನ ಮಾತು ಬೆನ್ನು ಹೇಳತೈತಿ. ನೀ ಹೇಳಬ್ಯಾಡ."

ಮರುದಿನ ಅದೇ ತಿರುವಿಗೆ ಹೊರಟಳು. ನಾನು ಮೋಟಾರ್ ಸೈಕಲ್ ಹೊರತೆಗೆದರೆ, "ನೀ ಇಲ್ಲೇ ನಿಂದ್ರು," ಎಂದಳು. ನಿಂತೆ. ಅಂಗಳದಿಂದಲೇ ತಿರುವು ಕಾಣುತ್ತಿತ್ತು; ಗಾಲಿ ಈ ಸಲ ನೆಲ ಕಚ್ಚಿ ಹಿಡಿಯಿತು. ಮೈಯನ್ನು ಒಂದಿಷ್ಟು ವಾಲಿಸಿ, ಬೇಕಾದಂತೆ ತಿರುಗಿಸಿಕೊಂಡು ಅಕ್ಕ ಕಬ್ಬಿನ ಮರೆಗೆ ಹೋದಳು. ಇನ್ನೊಬ್ಬರ ಬೆನ್ನಿನ ಸುಖವನ್ನು ನಾನು ನಿಶ್ಚಯಿಸಲು ಹೊರಟಿದ್ದೆನಲ್ಲ ಎಂದು ಒಬ್ಬನೇ ನಕ್ಕೆ.

ಇವತ್ತು ಸೈಕಲ್ ಮೇಲೆಯೇ ದಿಗ್ಗೇವಾಡಿಯ ಗೆಳತಿಯ ಮನೆಗೆ ಹೋಗಿದ್ದಾಳೆ. ಮಧ್ಯಾಹ್ನ ಫೋನ್ ಬಂತು. "ಇಲ್ಲೇ ಊಟಕ್ಕ ನಿಂದ್ರಿಸ್ಯಾರ. ನೀ ಉಂಡ ಬಿಡು."

ಕರೆದುಕೊಂಡು ಬರಲೇ ಎಂಬ ಮಾತು ನಾಲಗೆಯ ತುದಿಗೆ ಬಂದಿತ್ತು. "ಹೂಂ" ಎಂದಷ್ಟೇ ಹೇಳಿ, ಅವಳ ಪಾಲಿನ ರೊಟ್ಟಿಯನ್ನೂ ನಾನೇ ತಿಂದೆ.