ನಿಂತು ಕೊಡದ ಅಳತೆ

ಬೂಟಜ್ಜನ ಮುತ್ತಜ್ಜ ಒಬ್ಬ ಅಂಚೆಯವನಿಗೆ ಹೊಲಿದುಕೊಟ್ಟ ಬೂಟು ಹತ್ತೊಂಬತ್ತು ವರ್ಷ ನಡೆಯಿತು. ಅಂಚೆಯವನು ನಿವೃತ್ತನಾದ, ಬೂಟು ಆಗಲಿಲ್ಲ. ಅದನ್ನೇ ಹಾಕಿಕೊಂಡು ಅವನ ಮಗ ಅದೇ ಕೆಲಸಕ್ಕೆ ಸೇರಿದ. ಆ ಮುತ್ತಜ್ಜನ ಮಗ, ಅಂದರೆ ಬೂಟಜ್ಜನ ಅಜ್ಜ, ಮಹಾ ಮುಂಗೋಪಿ. ದೊಡ್ಡ ಅಧಿಕಾರಿಯೊಬ್ಬ ಕುರ್ಚಿಯಿಂದ ಏಳದೆ ಕಾಲು ಚಾಚಿ, "ಹೀಗೇ ಅಳತೆ ತಗೋ" ಅಂದದ್ದಕ್ಕೆ, "ಸ್ವಾಮಿ, ನೀವು ಕೂತ್ಕೊಂಡೇ ಓಡಾಡೋದಾದ್ರೆ ಹೀಗೇ ತಗೋತೀನಿ" ಎಂದು ಕಾಗದ ಸುತ್ತಿಕೊಂಡು ಎದ್ದುಬಂದವನು. ಅಳತೆ ಕೊಡುವವರು ಎರಡೂ ಕಾಲಿನ ಮೇಲೆ ಮೈಭಾರ ಬಿಟ್ಟು ನಿಲ್ಲಬೇಕೆಂಬ ಕಟ್ಟಳೆ ಅವನದು. ಕಾದ ಕಬ್ಬಿಣದಿಂದ ಹಲಗೆಯ ಮೇಲೆ ಅದನ್ನು ಬರೆದು ಅಂಗಡಿಯ ಬಾಗಿಲ ಮೇಲೆ ಮೊಳೆ ಹೊಡೆದು ಹಾಕಿದ: "ನಿಂತು ಅಳತೆ ಕೊಡಿ." ಇನ್ನು ಬೂಟಜ್ಜನ ಅಪ್ಪ. ಒಂದು ಕಾಲು ಎರಡು ಬೆರಳು ಗಿಡ್ಡವಿದ್ದ ಮದುಮಗನಿಗೆ ಒಳಗೊಳಗೇ ಅಟ್ಟೆ ಏರಿಸಿ ಎಂಥ ಜೋಡು ಮಾಡಿಕೊಟ್ಟನೆಂದರೆ, ಮದುವೆಯ ದಿನ ಹೆಣ್ಣಿನ ಕಡೆಯವರ ಮಾತು ಹಾಗಿರಲಿ, ಹುಡುಗನ ಸ್ವಂತ ಸೋದರತ್ತೆಯೇ "ಇವನಿಗೆ ಯಾವಾಗ ವಾಸಿ ಆಯ್ತು?" ಎಂದು ಕೇಳಿದಳಂತೆ.

ಇಂಥ ಮನೆಯಲ್ಲಿ ಹುಟ್ಟಿದ ಬೂಟಜ್ಜನಿಗೆ ತನ್ನ ಮೊಮ್ಮಗಳಿಗೆ ಒಂದು ಕ್ರಿಸ್‌ಮಸ್ ಉಡುಗೊರೆ ಆರಿಸಲು ಬರಲಿಲ್ಲ. ಅವನ ಬೂಟಿನ ಅಂಗಡಿಗೂ ನನ್ನ ಕೊಡೆ ರಿಪೇರಿ ಅಂಗಡಿಗೂ ನಡುವೆ ಇರುವುದು ಒಂದು ಇಟ್ಟಿಗೆ ದಪ್ಪದ ಗೋಡೆ. ಅಂಗಡಿಯ ಹಿಂದೆಯೇ ಅವರ ಮನೆ. ಹಾಗಾಗಿ ನಾನು ಕಿವಿ ಕೊಡದಿದ್ದರೂ ಸಂಗತಿಯೆಲ್ಲ ತಾನಾಗಿ ಬಂದು ನನ್ನ ಕಿವಿಗೆ ಬೀಳುತ್ತದೆ.

ಮೊಮ್ಮಗಳಿಗೆ ಈಗ ಹದಿನೈದು. ಮನೆಯಲ್ಲಿ ಎಲ್ಲರೂ ಪುಟ್ಟಿ ಎನ್ನುತ್ತಾರೆ. ಅವಳು "ಹಾಗೆ ಕರೀಬೇಡಿ" ಎನ್ನುತ್ತಾಳೆ. ಇದು ಮೂರು ವರ್ಷದಿಂದ ನಡೆದಿದೆ. ಅವಳಿಗೆ ಹನ್ನೆರಡಾದ ವರ್ಷ ಕ್ರಿಸ್‌ಮಸ್‌ಗೆ ಅಜ್ಜ ಅಜ್ಜಿ ಸೇರಿ ಕೀಲಿ ಕೊಟ್ಟರೆ ಕುಣಿಯುವ ಗೊಂಬೆ ತಂದರು. ಅವಳು ಗೊಂಬೆಯಾಟ ಬಿಟ್ಟು ಆಗಲೇ ವರ್ಷ ಕಳೆದಿತ್ತು. ಹದಿಮೂರಕ್ಕೆ ಬೂಟಜ್ಜ ತಾನೇ ಹೋಗಿ ಎರಡು ಕೈಯಲ್ಲಿ ಎತ್ತಬೇಕಾದ ನಿಘಂಟು ತಂದ. ಅದು ಈಗ ಮಗಳ ಮನೆಯ ಹಿತ್ತಿಲ ಬಾಗಿಲು ಗಾಳಿಗೆ ಬಡಿಯದಂತೆ ಕಾಯುತ್ತಿದೆ. ಹದಿನಾಲ್ಕಕ್ಕೆ ಅತ್ತಿಗೆ, ಅಂದರೆ ಬೂಟಜ್ಜನ ಹೆಂಡತಿ, ಆರು ತಿಂಗಳು ಕೂತು ಸ್ವೆಟರ್ ಹೆಣೆದರು. ಜನವರಿ ಮುಗಿಯುವುದರೊಳಗೆ ಅದರ ತೋಳು ಮೊಣಕೈ ಹತ್ತಿರ ಬಂತು. ಮೂರಕ್ಕೂ ಹುಡುಗಿ "ವಾವ್" ಎಂದಿದ್ದಳು.

"ಆ ವಾವ್ ಕೇಳಿದ್ರೆ ನಂಗೆ ಮೈಯೆಲ್ಲ ಉರಿಯುತ್ತೆ ಕಣೇ" ಎಂದ ಬೂಟಜ್ಜ, ಈ ಸಲ ನವೆಂಬರ್ ಹುಟ್ಟುತ್ತಲೇ. "ಬಾಯಲ್ಲಿ ವಾವ್, ವಸ್ತು ಅಟ್ಟದ ಮೇಲೆ."

"ಅವಳನ್ನೇ ಕೇಳಿ ಮತ್ತೆ."

"ಕೇಳ್ದೆ. 'ಏನಾದ್ರೂ ಪರವಾಗಿಲ್ಲ ಅಜ್ಜ' ಅಂದ್ಳು. ಏನಾದ್ರೂ ಅನ್ನೋದು ಯಾವ ಅಂಗಡೀಲಿ ಸಿಗುತ್ತೆ ಹೇಳು, ಹೋಗಿ ತರ್ತೀನಿ."

"ನನ್ನ ಮೇಲೆ ಯಾಕ್ರೀ ರೇಗ್ತೀರಿ? ನಾನೇನು ಅಂಗಡಿ ಇಟ್ಕೊಂಡಿದೀನಾ?"

ಮಗಳಿಗೆ ಫೋನು ಮಾಡಿದರೆ "ಸುಮ್ನೆ ಅವಳ ಕೈಗೆ ದುಡ್ಡು ಕೊಟ್ಬಿಡಪ್ಪ" ಎಂದಳು. ಅಳಿಯ ಇನ್ನೂ ಮುಂದೆ ಹೋಗಿ ಮೊಬೈಲಿನಲ್ಲಿ ನಲವತ್ತು ಚಿತ್ರ ಕಳಿಸಿದ, ಯಾವುದಾದರೂ ಒಂದನ್ನು ಒತ್ತಿದರೆ ಸಾಕು, ಮನೆಗೇ ಬರುತ್ತದೆ ಎಂದು. ಬೂಟಜ್ಜ ಕನ್ನಡಕ ಏರಿಸಿ ನಲವತ್ತನ್ನೂ ನೋಡಿದ. "ಇದರಲ್ಲಿ ಐದು ವರ್ಷ ಬಾಳೋದು ಒಂದಿದ್ರೆ ನನ್ನ ಮೀಸೆ ಬೋಳಿಸ್ಕೋತೀನಿ" ಎಂದು ಫೋನನ್ನು ಅತ್ತಿಗೆಯ ಮಡಿಲಿಗೆ ಹಾಕಿ ಅಂಗಡಿಗೆ ಬಂದ.

ಬಂದವನ ಕಣ್ಣು ಗೋಡೆಯ ಮೇಲೆ ಬಿತ್ತು.

ಆ ಗೋಡೆಯ ವಿಷಯ ಹೇಳಬೇಕು. ಬೂಟು ಹೊಲಿಯಲು ಮೊದಲು ಪಾದದ ಅಳತೆಗೆ ಮರದ ಅಚ್ಚು ಕೆತ್ತುತ್ತಾರೆ, ಅದರ ಮೇಲೆ ಚರ್ಮ ಎಳೆದು ಹೊಲಿಯುತ್ತಾರೆ. ಗಿರಾಕಿಗಳ ಅಚ್ಚು ಕೆಳಗಿನ ಕಪಾಟಿನಲ್ಲಿ. ಗೋಡೆಯ ಮೇಲಿನ ಗೂಟಗಳಲ್ಲಿ ಇರುವುದು ಮನೆಯವರದು ಮಾತ್ರ. ಪಾದ ಬೆಳೆಯುವುದು ನಿಂತ ಮೇಲೆ, ಒಂದೇ ಒಂದು ಸಲ, ಒಳ್ಳೆಯ ಮರದಲ್ಲಿ ಕೆತ್ತಿ, ಹಿಮ್ಮಡಿಯ ಮೇಲೆ ಇಸವಿ ಸುಟ್ಟು ಬರೆದು ತೂಗುಹಾಕುತ್ತಾರೆ. ಅಲ್ಲಿಂದಾಚೆ ಆ ಮನುಷ್ಯ ಎಲ್ಲೇ ಇರಲಿ, ಅವನ ಜೋಡು ಈ ಅಂಗಡಿಯಲ್ಲಿ ತಯಾರಾಗಬಹುದು. ಮುತ್ತಜ್ಜನಿಂದ ಹಿಡಿದು ಮಗಳವರೆಗೆ ಎಲ್ಲರ ಪಾದ ಅಲ್ಲಿದೆ. ಅಳಿಯನದೂ ಇದೆ. ಮದುವೆಗೆ ಮಾವ ಕೊಟ್ಟ ಬೂಟನ್ನು ಅವನು ಒಂದು ದಿನ ಹಾಕಿಕೊಂಡು, "ಮಾವ, ಚೆನ್ನಾಗಿದೆ, ಕಾಲು ಎತ್ತಿಡೋಕೆ ಒಬ್ಬ ಆಳು ಬೇಕು ಅಷ್ಟೆ" ಅಂದಿದ್ದ. ಆ ಮಾತನ್ನು ಮಾವ ಇನ್ನೂ ಮರೆತಿಲ್ಲ. ಕೊನೆಯಲ್ಲಿ ಒಂದು ಗೂಟ ಖಾಲಿ.

"ಹುಡುಗೀರ ಪಾದ ಹದಿನೈದಕ್ಕೆ ನಿಲ್ಲುತ್ತೆ" ಎಂದು ಬೂಟಜ್ಜ ಗೋಡೆ ಬಡಿದು ನನ್ನನ್ನು ಕರೆದು ಹೇಳಿದ. "ಅವಳ ಅಚ್ಚು ಕೆತ್ತುತೀನಿ. ಅದರ ಮೇಲೆ ಒಂದು ಜೊತೆ ಬೂಟು. ಅಟ್ಟೆ ಸವೆದ್ರೆ ಬದಲಾಯಿಸಬಹುದು, ಇಪ್ಪತ್ತು ವರ್ಷಕ್ಕೆ ಮೋಸ ಇಲ್ಲ. ಇದನ್ನ ಅಟ್ಟದ ಮೇಲೆ ಇಡಲಿ ನೋಡೋಣ."

ಅವನಿಗೆ ಅವಸರವಿತ್ತು. ಬಲಗೈ ಹೆಬ್ಬೆರಳು ಎರಡು ವರ್ಷದಿಂದ ಮಡಚುತ್ತಿರಲಿಲ್ಲ. ಕಣ್ಣಿಗೆ ಪೊರೆ. ಇನ್ನೊಂದು ಜೊತೆ ಅಚ್ಚು ಕೆತ್ತುವ ಶಕ್ತಿ ಕೈಯಲ್ಲಿ ಉಳಿದಿದೆ, ಎರಡು ಜೊತೆಗೆ ಇಲ್ಲ ಎಂದು ಅವನೇ ನನಗೆ ಹೇಳಿದ್ದ. ಇದು ತಪ್ಪಿದರೆ ಆ ಗೂಟ ಖಾಲಿಯೇ.

ಮನೆಯಲ್ಲಿ ಹೇಳಿದಾಗ ಅತ್ತಿಗೆಗೆ ಕಣ್ಣಲ್ಲಿ ನೀರು ಬಂತು. ಆದರೆ ಒಂದು ಷರತ್ತು ಹಾಕಿದರು.

"ಅವಳಿಗೆ ಗೊತ್ತಾಗಬಾರದು. ಗುಟ್ಟಾಗಿರ್ಬೇಕು."

"ಗುಟ್ಟಾಗಿ ಬೂಟು ಹೊಲಿಯೋದು ಹ್ಯಾಗೇ? ಅಳತೆ ಯಾರು ನಿಮ್ಮಪ್ಪ ಕೊಡ್ತಾನಾ?"

"ಸತ್ತೋರನ್ನ ಯಾಕೆ ಎಳೀತೀರಿ? ಅಳತೆ ನಾನು ತರ್ತೀನಿ. ನೀವು ಬಾಯಿ ಮುಚ್ಕೊಂಡಿರಿ, ಸಾಕು. ನಿಮ್ಮ ಬಾಯಲ್ಲಿ ಗುಟ್ಟು ನಿಲ್ಲೋದು ಸೋರೋ ಕೊಡೇಲಿ ಮಳೆ ನಿಂತ ಹಾಗೆ."

ಆ ಕೊಡೆಯ ಮಾತು ಗೋಡೆಯಾಚೆ ನನ್ನ ಕೆಲಸಕ್ಕೆ ತಗುಲಿತು.

ಮುಂದಿನ ಭಾನುವಾರ ಅತ್ತಿಗೆ ಮಗಳ ಮನೆಗೆ ಹೋಗಿ ಮೂರು ದಾರ ತಂದು ಅವನ ಮುಂದಿಟ್ಟರು. ಕೆಂಪು ದಾರ ಪಾದದ ಉದ್ದ, ನೀಲಿ ಬೆರಳುಗಳ ಬುಡದ ಸುತ್ತಳತೆ, ಬಿಳಿ ಮೇಲ್ಪಾದದ್ದು. ಗಂಟು ಹಾಕಿದ್ದು ಅಚ್ಚುಕಟ್ಟಾಗಿತ್ತು.

"ಸರಿಯಾಗಿ ತಗೊಂಡ್ಯಾ?"

"ನಲವತ್ತಾರು ವರ್ಷದಿಂದ ನಿಮ್ಮ ಪಕ್ಕದಲ್ಲಿ ಕೂತು ನೋಡಿದೀನಿ. ಒಂದು ಕಾಲು ಅಳೆಯೋಕೆ ಬರಲ್ವಾ ನಂಗೆ?"

ಇದಕ್ಕೆ ಎದುರಾಡುವ ಗಂಡ ಇನ್ನೂ ಹುಟ್ಟಿಲ್ಲ. ಬೂಟಜ್ಜ ದಾರ ಎತ್ತಿಕೊಂಡ.

ಅಲ್ಲಿಂದ ಐದು ವಾರ ಆ ಅಂಗಡಿಯ ಕಡೆ ತಲೆ ಹಾಕಿದವರೆಲ್ಲ ಬೈಸಿಕೊಂಡರು. ಗಿರಾಕಿ ಬಂದರೆ "ಕ್ರಿಸ್‌ಮಸ್ ಆದ್ಮೇಲೆ ಬನ್ನಿ." ಹೆಬ್ಬೆರಳು ಮಡಚದ್ದಕ್ಕೆ ಉಳಿಯನ್ನು ಬಟ್ಟೆಪಟ್ಟಿಯಿಂದ ಕೈಗೆ ಕಟ್ಟಿಕೊಂಡು ಕೆತ್ತಿದ. ಎರಡು ಸಲ ಮರ ಸೀಳಿತು. ಮರಕ್ಕೆ ಬೈದ, ಮರ ಕೊಟ್ಟವನಿಗೆ ಬೈದ, ಆ ಮರ ಬೆಳೆದ ನೆಲಕ್ಕೂ ಬೈದ. ಸೂಜಿಗೆ ದಾರ ಪೋಣಿಸಿಕೊಡಲು ಅತ್ತಿಗೆ ಬಂದರೆ "ಬೆಳಕಿಗೆ ಅಡ್ಡ ಬರ್ಬೇಡ" ಎಂದ. ಹೋದರೆ "ಕರೆದಾಗ ಒಬ್ಬರೂ ಇರಲ್ಲ" ಎಂದ. ನಾನು ಒಮ್ಮೆ ಇಣುಕಿ "ಬಣ್ಣ ಸ್ವಲ್ಪ ಕಪ್ಪಾಯ್ತೇನೋ" ಅಂದದ್ದಕ್ಕೆ ನಾಲ್ಕು ದಿನ ಮಾತು ಬಿಟ್ಟ.

ಆದರೆ ಬೂಟು ಮಾತ್ರ ಬೂಟು. ಹುಣಸೆಬೀಜದ ಬಣ್ಣ. ಅಂಚಿನ ಹೊಲಿಗೆ ಇರುವೆ ಸಾಲಿನಂತೆ ಒಂದೇ ಸಮ. ನನ್ನ ಕೈಯಲ್ಲಿ ಹಿಡಿದು ನೋಡಿದಾಗ, ಇಷ್ಟು ದಿನ ಬೈಸಿಕೊಂಡದ್ದಕ್ಕೂ ನ್ಯಾಯ ಸಿಕ್ಕಿತು ಅನ್ನಿಸಿತು.

ಕ್ರಿಸ್‌ಮಸ್ ದಿನ ಚರ್ಚಿನಿಂದ ಎಲ್ಲರೂ ನೇರ ಬೂಟಜ್ಜನ ಮನೆಗೆ ಬಂದರು. ನಾನೂ ಊಟಕ್ಕಿದ್ದೆ. ಪುಟ್ಟಿ ಡಬ್ಬಿ ಬಿಚ್ಚಿದಳು. ಮೇಲೆ ಬೂಟು, ಕೆಳಗೆ ಹಳೆಯ ಬಟ್ಟೆಯಲ್ಲಿ ಸುತ್ತಿದ ಮರದ ಪಾದಗಳು, ಹಿಮ್ಮಡಿಯಲ್ಲಿ ಇಸವಿ. ಅವಳು ವಾವ್ ಎನ್ನಲಿಲ್ಲ. ಮರದ ಪಾದವನ್ನು ತಿರುಗಿಸಿ ತಿರುಗಿಸಿ ನೋಡಿ, "ಅಜ್ಜ, ಗೋಡೆಗಾ?" ಎಂದಳು.

"ಇನ್ನೇನು ಗೊಜ್ಜಿಗಾ?" ಎಂದ ಅವನು.

ಹುಡುಗಿ ಅಲ್ಲೇ ಕೂತು ಬೂಟು ಏರಿಸಿಕೊಂಡಳು. ಅಂಗಳದವರೆಗೆ ಹೋದಳು, ಬಂದಳು. ಬೂಟಜ್ಜ ಕಣ್ಣು ಮುಚ್ಚಿ ಹೆಜ್ಜೆಯ ಸದ್ದು ಕೇಳಿಸಿಕೊಳ್ಳುತ್ತಿದ್ದ. ಅವನು ಗಿರಾಕಿಗಳ ಜೋಡನ್ನು ಹೀಗೇ ಪರೀಕ್ಷೆ ಮಾಡುವುದು.

"ಹ್ಯಾಗಿದೆ?"

"ಸೂಪರ್ ಆಗಿದೆ ಅಜ್ಜ. ಕರೆಕ್ಟಾಗಿದೆ."

"ಇನ್ನೊಂದ್ಸಲ ನಡಿ."

ನಡೆದಳು.

"ಬಿಚ್ಚು."

"ಯಾಕೆ? ಚೆನ್ನಾಗಿದೆ ಅಂದ್ನಲ್ಲ. ಇವತ್ತೆಲ್ಲ ಹಾಕ್ಕೊಂಡೇ ಇರ್ತೀನಿ."

"ಬಿಚ್ಚು ಅಂದೆ."

"ಅಪ್ಪ, ಹಬ್ಬದ ದಿನ ಮಗು ಮೇಲೆ ಯಾಕೆ ಕೂಗಾಡ್ತೀಯ?" ಎಂದು ಮಗಳು ಅಡುಗೆಮನೆಯಿಂದ ಬಂದಳು. ಪುಟ್ಟಿ ತುಟಿ ಕಚ್ಚಿಕೊಂಡು ಬೂಟು ಎಳೆದಳು. ಎರಡೂ ಹೆಬ್ಬೆರಳ ತುದಿ ಕೆಂಪಗೆ ಕೆಂಡವಾಗಿತ್ತು.

"ಸುಳ್ಳು ಹೇಳೋಕೆ ಯಾರೇ ಕಲಿಸಿದ್ದು ನಿಂಗೆ?"

"ನಿನ್ನ ಕೈ ನೋಡಿದೆ ಅಜ್ಜ" ಎಂದಳು ಹುಡುಗಿ. "ಎಲ್ಲಾ ಬೆರಳಿಗೂ ಪಟ್ಟಿ ಸುತ್ಕೊಂಡಿದೀಯ. ಬಿಗಿ ಅಂತ ಹ್ಯಾಗೆ ಹೇಳ್ಲಿ?"

ಬೂಟಜ್ಜ ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡ. ಆಮೇಲೆ ನಿಧಾನವಾಗಿ ಹೆಂಡತಿಯ ಕಡೆ ತಿರುಗಿದ.

"ಅಳತೆ ಹ್ಯಾಗೆ ತಗೊಂಡೆ?"

"ದಾರದಲ್ಲಿ."

"ಅದು ಗೊತ್ತು. ಅವಳು ಹ್ಯಾಗಿದ್ಳು?"

"ಮಲಗಿದ್ಳು" ಎಂದರು ಅತ್ತಿಗೆ. "ಮಧ್ಯಾಹ್ನ ಊಟ ಆದ್ಮೇಲೆ ಸೋಫಾದ ಮೇಲೆ ನಿದ್ದೆ ಹೋಗಿದ್ಳು. ಎದ್ದಿದ್ರೆ ಗುಟ್ಟು ಹ್ಯಾಗಾಗುತ್ತೆ?"

ಮೈಭಾರ ಬಿದ್ದಾಗ ಪಾದ ಹರಡಿ ಅರ್ಧ ಬೆರಳಗಲ ಉದ್ದವಾಗುತ್ತದೆಂಬುದು ಆ ಮನೆಯಲ್ಲಿ ಬೆಕ್ಕಿಗೂ ಗೊತ್ತು. ಅದಕ್ಕೆಂದೇ ಸುಟ್ಟು ಬರೆದ ಹಲಗೆಯ ಕೆಳಗೇ ಬೂಟಜ್ಜ ಐವತ್ತು ವರ್ಷ ದಿನಕ್ಕೆ ನಾಲ್ಕು ಸಲ ತಲೆ ಬಗ್ಗಿಸಿ ಓಡಾಡಿದ್ದಾನೆ.

"ಮಲಗಿದ್ಳಂತೆ!" ಎಂದು ಅವನು ಹಣೆ ಚಚ್ಚಿಕೊಂಡ. "ನಮ್ಮಜ್ಜ ಅಧಿಕಾರಿಗೇ ಎದ್ದು ನಿಲ್ಲು ಅಂದೋನು. ಅವನ ಮೊಮ್ಮಗ ನಾನು, ಮಲಗಿದ್ದ ಕಾಲಿಗೆ ಬೂಟು ಹೊಲಿದಿದೀನಿ! ಹಾಸಿಗೇಲಿ ಹಾಕ್ಕೊಂಡು ಮಲಗೋಕೆ!"

"ನೀವು ಕೇಳ್ಬೇಕಿತ್ತು" ಎಂದರು ಅತ್ತಿಗೆ, ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತ. "ಬೇರೆಯೋರು ಯಾರಾದ್ರೂ ದಾರ ತಂದುಕೊಟ್ಟಿದ್ರೆ ಮುಖದ ಮೇಲೆ ಎಸೀತಿರ್ಲಿಲ್ವಾ?"

ಬೂಟಜ್ಜ ಬೂಟನ್ನೂ ಅಚ್ಚನ್ನೂ ಎತ್ತಿಕೊಂಡ. "ಕೇಳ್ಬೇಕಿತ್ತು" ಎಂದ.

ಅಷ್ಟರಲ್ಲಿ ನೋಡಿದರೆ ಪುಟ್ಟಿ ಕೂತಿದ್ದ ಜಾಗ ಖಾಲಿ. ಎಲ್ಲರೂ ಅಂಗಡಿಗೆ ಹೋದೆವು. ಅವಳು ನೆಲದ ಮೇಲೆ ಬಿಳಿ ಕಾಗದ ಹಾಸಿ, ಬರಿಗಾಲಲ್ಲಿ, ಸೇನೆಗೆ ಸೇರಲು ಬಂದವಳಂತೆ ನೆಟ್ಟಗೆ ನಿಂತಿದ್ದಳು. ಕಣ್ಣು ಗೋಡೆಯ ಕೊನೆಯ ಗೂಟದ ಮೇಲೆ.

"ತಗೋ ಅಜ್ಜ" ಎಂದಳು. "ಎರಡೂ ಕಾಲ ಮೇಲೆ ಭಾರ ಬಿಟ್ಟಿದೀನಿ."

ಬೂಟಜ್ಜ ಮಂಡಿ ಹಿಡಿದುಕೊಂಡು ಮೆಲ್ಲಗೆ ಕೂತ. ಸೀಸದಕಡ್ಡಿಯಿಂದ ಪಾದದ ಸುತ್ತ ಗೀಟು ಎಳೆದ. ಮರದ ಅಚ್ಚನ್ನು ಗೀಟಿನೊಳಗೆ ಇಟ್ಟು ನೋಡಿದ. ಹಿಮ್ಮಡಿ ಸರಿ, ನಡುಪಾದ ಸರಿ, ಮುಂದೆ ಅರ್ಧ ಬೆರಳಗಲ ಕಡಿಮೆ. ಅಚ್ಚಿನ ಮೂತಿಗೆ ಚರ್ಮದ ಚೂರು ಅಂಟಿಸಿ ಉಜ್ಜಿದರೆ ಅಷ್ಟು ಉದ್ದ ಬರುತ್ತದೆ, ಹೊಸದಾಗಿ ಕೆತ್ತಬೇಕಿಲ್ಲ. ಆದರೆ ಬೂಟಿನ ಅಟ್ಟೆ ಕೀಳಬೇಕು, ಮುಂಭಾಗದ ಚರ್ಮ ಬದಲಿಸಬೇಕು, ಇರುವೆ ಸಾಲನ್ನೆಲ್ಲ ಬಿಚ್ಚಿ ಮತ್ತೆ ಹೊಲಿಯಬೇಕು.

"ಮಾವ, ಅದಕ್ಕೆ ಇಷ್ಟು ಕಷ್ಟ ಯಾಕೆ?" ಎಂದ ಅಳಿಯ. "ನಮ್ಮನೆ ಹತ್ರ ಒಂದು ದೊಡ್ಡ ಅಂಗಡಿ ಇದೆ. ಬೂಟನ್ನ ಮೆಷಿನ್ನಿಗೆ ಹಾಕಿ ಹಿಗ್ಗಿಸಿ ಕೊಡ್ತಾರೆ. ಒಂದು ಗಂಟೆ ಕೆಲಸ. ನಾನು ತಗೊಂಡು ಹೋಗ್ತೀನಿ, ಕೊಡಿ."

"ನಾನು ಹೊಲಿಗೆನಾದ್ರೂ ಬಿಚ್ಚಿಕೊಡ್ತೀನಿ" ಎಂದರು ಅತ್ತಿಗೆ.

"ಅಜ್ಜ, ನಾನು ಸೂಜಿಗೆ ದಾರ ಪೋಣಿಸ್ತೀನಿ" ಎಂದಳು ಪುಟ್ಟಿ.

ಬೂಟಜ್ಜ ಬೂಟನ್ನು ತೊಡೆಯ ಮೇಲೆ ಇಟ್ಟುಕೊಂಡು, ಬಟ್ಟೆಪಟ್ಟಿಯನ್ನು ಹಲ್ಲಿನಲ್ಲಿ ಕಚ್ಚಿ, ಉಳಿಯನ್ನು ಕೈಗೆ ಬಿಗಿದು ಕಟ್ಟತೊಡಗಿದ.

"ಬೇಡ. ಯಾರೂ ಬೇಡ. ಅಳಿಯಂದಿರೇ, ನಿಮ್ಮ ಮೆಷಿನ್ನಿಗೆ ನಮಸ್ಕಾರ, ಅದು ಎಳೆದದ್ದು ಎರಡು ಮಳೆಗೆ ವಾಪಸ್ ಕುಗ್ಗುತ್ತೆ. ಲೇ, ನಿನ್ನ ಸಹಾಯ ಒಂದು ಸಲ ತಗೊಂಡಿದ್ದಕ್ಕೆ ಇಲ್ಲಿ ಕೂತಿದೀನಿ, ಇನ್ನೊಂದು ಸಲ ಬೇಡ, ಹೋಗಿ ಎಲ್ಲರಿಗೂ ಊಟ ಹಾಕು. ಪುಟ್ಟಿ, ನೀನು ಕಾಲು ತೊಳ್ಕೊಂಡು ಹೋಗು, ಕಾಗದ ತುಳೀಬೇಡ. ಕೇಳದೆ ಹೊಲಿದೋನು ನಾನು, ಬಿಚ್ಚಿ ಹೊಲಿಯೋನೂ ನಾನೇ. ಬಾಗಿಲು ಎಳ್ಕೊಂಡು ಹೋಗಿ, ಗಾಳಿ ಬರುತ್ತೆ."