ಗಿಣಿಗೇರಾದಲ್ಲಿ ನಾನು ತೆಗೆದ ನಲವತ್ತೊಂದನೆಯ ಚಿತ್ರ

ಆಗಸ್ಟ್ 17, ಭಾನುವಾರ, ಬೆಳಿಗ್ಗೆ 6.40. ಗಿಣಿಗೇರಾ.

ಈ ಊರಿಗೆ ಬಂದ ಮರುದಿನ ಬೆಳಿಗ್ಗೆ, ನನ್ನ ಬಾಡಿಗೆ ಕೋಣೆಯ ನೆಲದ ಮೇಲೆ ಕಪ್ಪು ಹೆಜ್ಜೆಗಳನ್ನು ಕಂಡು ಯಾರೋ ಒಳಗೆ ನುಗ್ಗಿದ್ದಾರೆಂದು ಕಿರುಚಿಕೊಂಡೆ. ಕೆಳಗಿನ ಮನೆಯಿಂದ ಮಾಲೀಕರ ಮಗಳು ರೇಣುಕಾ ಓಡಿ ಬಂದಳು. ನೆಲ ನೋಡಿದಳು, ನನ್ನ ಪಾದ ನೋಡಿದಳು, ವೇಲನ್ನು ಬಾಯಿಗೆ ಒತ್ತಿಕೊಂಡು ಬಾಗಿ ಬಾಗಿ ನಕ್ಕಳು.

“ಕಳ್ಳ ಅಲ್ರಿ ಅಕ್ಕಾ, ನಿಮ್ಮ ಕಾಲ ಅವು! ಫ್ಯಾಕ್ಟರಿ ಧೂಳ ಬಿದ್ದಿರ್ತೈತಿ. ಎದ್ದ ಕೂಡ್ಲೆ ಮೊದಲ ಕಸಬರಗಿ, ಆಮ್ಯಾಲ ಕಾಲು.”

ಇಂದಿಗೆ ಬಂದು 281 ದಿನ. ನಮ್ಮೂರು ಕೊಳ್ಳೇಗಾಲದಲ್ಲಿ ಇದನ್ನು ಓದುವವರಿಗೆ ಗೊತ್ತಿರಲಿ, ನಾನು ಕೊಪ್ಪಳಕ್ಕೆ ಬಂದದ್ದು ಪತ್ರಿಕೋದ್ಯಮ ಓದಲು. ಬಾಡಿಗೆ ಕಡಿಮೆ ಎಂದು ಗಿಣಿಗೇರಾದಲ್ಲಿ ಉಳಿದೆ. ನಮ್ಮಲ್ಲಿ ಮುದ್ದೆ ನುಂಗುತ್ತೇವೆ, ಇಲ್ಲಿ ರೊಟ್ಟಿ ಮುರಿಯುತ್ತಾರೆ. ನಮ್ಮ ಮಣ್ಣು ಕೆಂಪು, ಯಲಬುರ್ಗಾದ ಕಡೆ ಹೋದರೆ ಕಣ್ಣು ಹಾಯುವಷ್ಟೂ ಕಪ್ಪು. ಮೊದಲ ತಿಂಗಳು ಅಂಗಡಿಯವರು ನನ್ನ ಮಾತು ಅರ್ಥವಾಗದೆ “ಏನಂದ್ರಿ?” ಎಂದದ್ದು 34 ಸಲ, ಲೆಕ್ಕ ಇಟ್ಟಿದ್ದೇನೆ. ಎರಡನೇ ತಿಂಗಳು ಒಂಬತ್ತು. ನಾನು ತಟ್ಟಿದ ಹದಿನೇಳನೇ ಜೋಳದ ರೊಟ್ಟಿ ಹರಿಯದೆ ಹಂಚಿಗೆ ಹೋದ ದಿನ, ರೇಣುಕಾಳ ತಾಯಿ ಶಾಂತವ್ವ “ಇನ್ನ ನೀ ನಮ್ಮಕಿ ಆದಿ ನೋಡು ತಂಗಿ” ಎಂದರು.

ರೇಣುಕಾ ಬಿ.ಎ. ಕೊನೆಯ ವರ್ಷದಲ್ಲಿದ್ದಾಳೆ. ಮೇ ತಿಂಗಳಲ್ಲಿ ಕುಷ್ಟಗಿಯಿಂದ ಒಂದು ಸಂಬಂಧ ಬಂದಿತ್ತು. ಹುಡುಗ ಬಸ್ ಕಂಡಕ್ಟರ್. ಮದುವೆಯಾದರೂ ಓದು ಮುಗಿಸಲಿ ಎಂದವನು ಅವನೊಬ್ಬನೇ. ಅದಕ್ಕಿಂತ ಮೊದಲು ಬಂದ ಮೂವರಲ್ಲಿ ಯಾರೂ ಆ ಮಾತೆತ್ತಿರಲಿಲ್ಲ. ಶ್ರಾವಣದಲ್ಲಿ ನಿಶ್ಚಯ ಎಂದಾಗಿತ್ತು. ದಿನಾ ಬೆಳಿಗ್ಗೆ ಮೇಲೆ ಬಂದು ನನ್ನ ಕ್ಯಾಲೆಂಡರ್ ನೋಡಿ ಹೋಗುತ್ತಿದ್ದಳು.

ಜುಲೈನಲ್ಲಿ ನಮ್ಮ ತರಗತಿಯ ನಾಲ್ಕು ಪುಟದ ಪ್ರಾಯೋಗಿಕ ಪತ್ರಿಕೆಗೆ ಧೂಳಿನ ಬಗ್ಗೆ ವರದಿ, ಚಿತ್ರ, ಪುಟವಿನ್ಯಾಸ ಮೂರೂ ನನ್ನ ಪಾಲಿಗೆ ಬಂದವು. ಒಟ್ಟು 64 ಚಿತ್ರ ತೆಗೆದೆ. ಪ್ರತಿಯೊಂದಕ್ಕೂ ಹೆಸರು, ಸಮಯ, ‘ಕೇಳಿದೆ, ಒಪ್ಪಿದರು’ ಎಂಬ ಟಿಪ್ಪಣಿ. ಒಂದು ಬೆಳಿಗ್ಗೆ ರೇಣುಕಾ ಅಂಗಳ ಗುಡಿಸುತ್ತಿದ್ದಳು.

“ತಗೀಲಾ?”

“ತಗೀರಿ. ಪೇಪರಿನ್ಯಾಗ ಹಾಕಿದ್ರ ಛಲೋ ಕಾಣ್ಬೇಕ್ ಮತ್ತ.”

“ನಗ್ಬ್ಯಾಡ ಕನಮ್ಮಿ, ಸುಮ್ನೆ ನಿಂತ್ಕೊ.”

“ಕನಮ್ಮಿ ಅಂತ ಕನಮ್ಮಿ!” ಎಂದು ನಮ್ಮೂರಿನ ಮಾತನ್ನು ಅಣಕಿಸಿದವಳೇ ವೇಲನ್ನು ಬಾಯಿಗೆ ಒತ್ತಿ, ಕಣ್ಣು ಮುಚ್ಚಿ, ಬಾಗಿದಳು. ನಾನು ಕ್ಲಿಕ್ಕಿಸಿದೆ. ನನ್ನ ಟಿಪ್ಪಣಿ ಪುಸ್ತಕದಲ್ಲಿ ಹೀಗಿದೆ: ‘41. ರೇಣುಕಾ. 7.15. ನಗು. ಒಪ್ಪಿದಳು.’

ಪುಟ ಕಟ್ಟುವ ದಿನ ಶೀರ್ಷಿಕೆಯ ಕೆಳಗೆ ಮೂರು ಕಾಲಂ ಅಗಲದ ಜಾಗ ಉಳಿಯಿತು. ಆರಿಸಿಟ್ಟಿದ್ದ ಚಿತ್ರಗಳೆಲ್ಲ ಉದ್ದನೆಯವು. ಅಡ್ಡ ಇದ್ದದ್ದು ಈ ನಲವತ್ತೊಂದನೆಯದು ಮಾತ್ರ. ಶೀರ್ಷಿಕೆ ‘ಕೆಮ್ಮುತ್ತಿದೆ ಊರು’. ಚಿತ್ರದ ಅಡಿಯಲ್ಲಿ ‘ಧೂಳಿನಿಂದ ಹೈರಾಣಾದ ಯುವತಿ’ ಎಂದು ಬರೆದೆ. ಅವಳು ನಗುತ್ತಿದ್ದಳೆಂದು ನನಗೆ ಗೊತ್ತಿತ್ತು. ನೋಡುವವರಿಗೆ ಕೆಮ್ಮಿದಂತೆ ಕಾಣುತ್ತದೆಂದೂ ಗೊತ್ತಿತ್ತು. ಜಾಗಕ್ಕೆ ಸರಿಯಾಗಿ ಕೂತಿತು ಎಂದು ಖುಷಿಪಟ್ಟೆ. ಅವಳಿಗೆ ತೋರಿಸಲಿಲ್ಲ. ಪುಟವನ್ನು ವಾಟ್ಸ್ಆ್ಯಪ್ ಸ್ಟೇಟಸ್‌ಗೆ ಹಾಕಿದೆ. 53 ಜನ ನೋಡಿದರು, ಯಾರೋ ಮುಂದಕ್ಕೂ ಕಳಿಸಿದರು.

ಮೂರನೇ ದಿನ ಹುಡುಗನ ಸೋದರಮಾವ ಶಾಂತವ್ವನಿಗೆ ಫೋನ್ ಮಾಡಿದರು. ಸ್ಪೀಕರ್ ಹಾಕಿದ್ದರು. ಮೆಟ್ಟಿಲ ಮೇಲಿದ್ದ ನನಗೂ ಕೇಳಿಸಿತು.

“ಹುಡುಗಿಗಿ ದಮ್ಮಿನ ರೋಗ ಐತಿ ಅಂತ ಮೊದ್ಲ ಹೇಳಬಾರ್ದೇನ್ರಿ ಯಕ್ಕಾ? ಪೇಪರಿನ್ಯಾಗ ಬಂದೈತಿ, ನಮಗ ಗೊತ್ತಿಲ್ಲ!”

ಮರುದಿನ ನಾನೂ ಶಾಂತವ್ವನೂ ಕೊಪ್ಪಳದಲ್ಲಿ ಬಸ್ ಬದಲಿಸಿ ಕುಷ್ಟಗಿಗೆ ಹೋದೆವು. ಚಹಾ ಕೊಟ್ಟರು. ನಲವತ್ತು, ನಲವತ್ತೆರಡನೇ ಚಿತ್ರಗಳನ್ನು ತೋರಿಸಿದೆ. ಎರಡರಲ್ಲೂ ಅವಳ ಹಲ್ಲು ಕಾಣುತ್ತಿದ್ದವು. ಪುಸ್ತಕ ತೆರೆದು ‘ನಗು’ ಎಂಬ ಮಾತಿನ ಮೇಲೆ ಬೆರಳಿಟ್ಟೆ. ಮಾವ ಕನ್ನಡಕ ಏರಿಸಿ ಓದಿದರು.

“ಪೇಪರಿನ್ಯಾಗ ಬರದಾಕಿ ನೀನ, ಈ ಪುಸ್ತಕದಾಗ ಬರದಾಕಿನೂ ನೀನ. ಅದು ಸುಳ್ಳಂದ್ರ ಇದು ಹೆಂಗ ಖರೆ ಅಂತ ನಂಬೂದು ತಂಗಿ?”

ಪುಸ್ತಕ ಮುಚ್ಚಿದೆ. ಹುಡುಗ ಬಾಗಿಲ ಬಳಿ ನಿಂತಿದ್ದ. ಏನೋ ಹೇಳಲು ಬಾಯಿ ತೆರೆದ, ಮಾವನನ್ನು ನೋಡಿ ಒಳಗೆ ಹೋದ. ವಾಪಸು ಬರುವಾಗ ಶಾಂತವ್ವ ನನಗೇ ಕಿಟಕಿ ಪಕ್ಕದ ಸೀಟು ಬಿಟ್ಟುಕೊಟ್ಟರು.

ರೇಣುಕಾ ಅಳಲಿಲ್ಲ. “ನಾ ನಕ್ಕಿದ್ದು ನೀವ ನೋಡಿದ್ರಿ ಅಕ್ಕಾ. ನೋಡ್ದವ್ರ ಹಂಗ ಬರದ್ರ, ನೋಡ್ಲಾರ್ದವ್ರು ಏನ್ ಮಾಡ್ಬೇಕು?” ಎಂದಷ್ಟೇ ಕೇಳಿ, ರೊಟ್ಟಿ ಹಿಟ್ಟು ನಾದಲು ಒಳಗೆ ಹೋದಳು.

ಆ ಸಂಬಂಧ ಮುರಿಯಿತು. ಇಂದಿಗೆ 24 ದಿನ. ಅಷ್ಟೂ ಬೆಳಿಗ್ಗೆ ಅವಳು ಮೇಲೆ ಬಂದಿಲ್ಲ. ಶಾಂತವ್ವ ಕೋಣೆ ಬಿಡು ಎನ್ನಲಿಲ್ಲ. ಹಬ್ಬದ ದಿನ ಹೋಳಿಗೆಯ ತಟ್ಟೆಯನ್ನು ಮೆಟ್ಟಿಲ ಮೇಲಿಟ್ಟು ಕೂಗಿ ಹೋದರು. ಬೈದಿದ್ದರೆ ಗಂಟುಮೂಟೆ ಕಟ್ಟಿ ಹೊರಡುವುದು ಸುಲಭವಿತ್ತು. ಅಪ್ಪ ಮೈಸೂರಿನಲ್ಲೇ ಓದು ಮುಗಿಸು, ಬಂದುಬಿಡು ಎನ್ನುತ್ತಾರೆ. ಫೋನಿನಲ್ಲಿ ಇಲ್ಲಿಯವರಂತೆ “ನೋಡ್ತೀನ್ರಿ” ಎಂದುಬಿಟ್ಟೆ. “ಇದ್ಯಾವ ಮಾತು ಮಗಾ?” ಎಂದು ಅಮ್ಮ ನಕ್ಕಳು. ಅಲ್ಲಿಯವಳಾಗಿ ಮಾತಾಡಲು ಬರುತ್ತಿಲ್ಲ. ಇಲ್ಲಿಯವಳು ಎಂದು ಹೇಳಿಕೊಳ್ಳಲು ಮುಖವಿಲ್ಲ.

ಮುಂದಿನ ಸಂಚಿಕೆಯಲ್ಲಿ ನಾಲ್ಕು ಸಾಲಿನ ತಿದ್ದುಪಡಿ ಹಾಕಿದೆ. ಅದನ್ನೂ ಸ್ಟೇಟಸ್‌ಗೆ ಹಾಕಿದೆ. ಹನ್ನೊಂದು ಜನ ನೋಡಿದರು. ಹಳೆಯ ಪುಟ ಮಾತ್ರ ಮೊನ್ನೆ ಗಂಗಾವತಿಯ ಸಹಪಾಠಿಯೊಬ್ಬಳ ಫೋನಿಗೆ, ಅವಳ ಚಿಕ್ಕಮ್ಮನಿಂದ ಬಂತಂತೆ. ತಪ್ಪು ಹೋದ ಮನೆಗಳಿಗೆಲ್ಲ ತಿದ್ದುಪಡಿಯನ್ನೂ ಮುಟ್ಟಿಸುವ ದಾರಿ ನಮ್ಮ ಪಠ್ಯದಲ್ಲಿಲ್ಲ. ಬಲ್ಲವರು ಯಾರಾದರೂ ಇದ್ದರೆ ದಯವಿಟ್ಟು ಬರೆಯಿರಿ. ರೇಣುಕಾಳನ್ನು ನೋಡಲು ಮುಂದಿನ ವಾರ ಬೇರೆಯವರು ಬರುತ್ತಿದ್ದಾರೆ.